ಅವ್ವನ ಸೋಬಾನೆ ನೋಟ್‌ಬುಕ್‌ನಿಂದ ಬಂದ ಫಾಂಟ್

ಕೊಪ್ಪಳದಲ್ಲಿ ಮದುವೆ ಕಾರ್ಡು ಡಿಸೈನ್ ಮಾಡುವುದು ನನ್ನ ಕೆಲಸ. ಹೆಸರುಗಳಿಗೆ ನವಿರಾದ ಕೈಬರಹದ ಅಕ್ಷರ ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಅಂಥ ಫಾಂಟ್ ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದೂ ಇರಲಿಲ್ಲ. ಒಂದು ದಿನ ಅವ್ವನ ಸೋಬಾನೆ ಪದಗಳ ನೋಟ್‌ಬುಕ್ ಕೈಗೆ ಬಂತು. ಇಂಕ್ ಪೆನ್ನಿನಲ್ಲಿ ಬರೆದ ಎಳೆ ಎಳೆ ಅಕ್ಷರ. ಇದನ್ನೇ ಫಾಂಟ್ ಮಾಡೋಣ ಅಂತ ಕೂತೆ.

ಪುಟಗಳನ್ನು ಸ್ಕ್ಯಾನ್ ಮಾಡಿ, ಉಚಿತವಾಗಿ ಸಿಗುವ, ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಒಂದೊಂದೇ ಅಕ್ಷರ ಎಳೆದೆ. ಮೊದಲು ಇಂಗ್ಲಿಷ್ ಕರ್ಸಿವ್ ಥರ ಅಕ್ಷರಕ್ಕೆ ಅಕ್ಷರ ಜೋಡಿಸಲು ಹೋದೆ. ಓದಲಿಕ್ಕೇ ಬರಲಿಲ್ಲ. ನಮ್ಮ ಅಕ್ಷರ ಬಿಡಿಬಿಡಿಯಾಗಿ ನಿಲ್ಲುವಂಥವು. ಅವ್ವನ ಪುಟ ಮತ್ತೆ ನೋಡಿದಾಗ ಗೊತ್ತಾಯಿತು: ಕೈ ಓಡಿದ ಗುರುತು ತಲೆಕಟ್ಟಿನ ತುದಿಯಲ್ಲಿದೆ, ದೀರ್ಘದ ಬಾಲದಲ್ಲಿದೆ, ಒತ್ತಿನ ಬಾಗಿನಲ್ಲಿದೆ. ಆಕೆಯ ‘ಶ್ರೀ’ ನೋಡಬೇಕು. ರ ಒತ್ತು ಅಡಿಯಲ್ಲಿ ತೊಟ್ಟಿಲಂತೆ ಬಾಗಿ ಇಡೀ ಅಕ್ಷರವನ್ನು ಎತ್ತಿಕೊಂಡಿದೆ. ಉಳಿದ ಒತ್ತುಗಳನ್ನೆಲ್ಲ ಅದನ್ನು ನೋಡಿಕೊಂಡೇ ಬರೆದೆ.

ಜಾಸ್ತಿ ದಿನ ಹಿಡಿದದ್ದೂ ಒತ್ತಕ್ಷರವೇ. ಲಗ್ನಪತ್ರಿಕೆ ತುಂಬಾ ಅವೇ ಅಲ್ವಾ: ಜ್ಯೇಷ್ಠ ಪುತ್ರಿ, ಸುಮುಹೂರ್ತ, ಕಲ್ಯಾಣ ಮಂಟಪ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ‘ಷ್ಠ’ ಅಂದರೆ ಷ, ವಿರಾಮ (‘್’ ಗುರುತು), ಠ ಎಂಬ ಮೂರು ಸಂಕೇತ. ಠ ಒತ್ತಾಗಿ ಕೆಳಗೆ ಕೂರುವ ಓಪನ್‌ಟೈಪ್ (ಫಾಂಟ್ ಫೈಲಿನ ಒಂದು ಮಾದರಿ) ನಿಯಮವನ್ನು ಫಾಂಟಿನೊಳಗೆ ನಾವೇ ಬರೆಯಬೇಕು. ‘ಜ್ಯೇ’ಯಲ್ಲಿ ಯ ಒತ್ತೂ ದೀರ್ಘವೂ ಒಂದಕ್ಕೊಂದು ತಾಗುತ್ತಿದ್ದವು. ಅದೊಂದಕ್ಕೇ ಬೇರೆ ಆಕಾರ ಬರೆದೆ.

ಆಮೇಲೆ ಪ್ರಿಂಟು. ಫಾಂಟಿನಲ್ಲಿ ಅಕ್ಷರ ಬರೆಯುವ 1000 ಯೂನಿಟ್ ಎತ್ತರದ ಚೌಕದಲ್ಲಿ ಗೆರೆಯ ದಪ್ಪ 18 ಇಟ್ಟಿದ್ದೆ. 12 ಪಾಯಿಂಟ್‌ನಲ್ಲಿ ಅದು ಸುಮಾರು 0.08 ಮಿ.ಮೀ. ಸ್ಕ್ರೀನ್ ಪ್ರಿಂಟಿಂಗ್‌ನ ಬಣ್ಣ ಸೋಸುವ ಬಲೆಬಟ್ಟೆಯಲ್ಲಿ ಅಷ್ಟು ಸಣ್ಣ ಗೆರೆ ನಿಲ್ಲಲಿಲ್ಲ. ಮರೂನ್ ಕಾಗದದ ಮೇಲೆ ಬಂಗಾರದ ಬಣ್ಣ ತುಂಡುತುಂಡಾಗಿ ಬಿತ್ತು. ಹುಡುಗಿಯ ತಂದೆ ಪ್ರೂಫನ್ನು ಬಾಗಿಲ ಬೆಳಕಿಗೆ ಹಿಡಿದರು.

“ಅಕ್ಷರ ಚಂದ ಅದಾವ ಯವ್ವಾ. ಆದ್ರ ನಮ್ಮೂರ ಹೆಸರ ಕಾಣವಲ್ದು.”

“ಸರಿ ಮಾಡಿ ಕೊಡ್ತೀನ್ರಿ ಕಾಕಾ” ಅಂದೆ.

ಗೆರೆಯನ್ನು 30 ಯೂನಿಟ್‌ಗೆ ಏರಿಸಿದೆ. ಹೆಸರು ಹಾಕುವ 28 ಪಾಯಿಂಟ್‌ನಲ್ಲಿ ಸುಮಾರು 0.3 ಮಿ.ಮೀ. ಬರುತ್ತದೆ, ಚೆನ್ನಾಗಿ ನಿಲ್ಲುತ್ತದೆ. ಅಂದಿನಿಂದ ‘ಶ್ರೀ’ ಮತ್ತು ಗಂಡು ಹೆಣ್ಣಿನ ಹೆಸರಿಗೆ ಮಾತ್ರ ಈ ಫಾಂಟ್. ಊರು, ಸಮಯ, ಮಂಟಪದ ವಿಳಾಸ ಎಲ್ಲ ನೋಟೋ ಸಾನ್ಸ್ ಕನ್ನಡ ಎಂಬ ಸಾದಾ ಫಾಂಟಿನಲ್ಲಿ. ಅಜ್ಜ ಅಜ್ಜಿಯರೂ ಓದಬೇಕಲ್ಲ. ಸಾಲುಗಳ ನಡುವೆ ಜಾಗ ಧಾರಾಳ ಬಿಡುತ್ತೇನೆ, ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಬಾರದು. ವಾಟ್ಸಾಪ್‌ಗೆ ಕಳಿಸುವ ಕಾರ್ಡಿಗೆ ಇನ್ನೂ ದಪ್ಪದ ಒಂದು ರೂಪ ಮಾಡಿಟ್ಟಿದ್ದೇನೆ. ಫೋಟೋ ಆಲ್ಬಮ್ಮಿನ ಹೊದಿಕೆಗೂ ಚಂದ ಒಪ್ಪುತ್ತದೆ. ಫ್ಲೆಕ್ಸಿಗೆ ಮಾತ್ರ ಕೊಡುವುದಿಲ್ಲ. ಗಾಡಿ ಮೇಲೆ ಹೋಗುವವರ ಕಣ್ಣಿಗೆ ಅದು ಸಿಗುವುದಿಲ್ಲ.

ಮದುವೆ ತಾರೀಖನ್ನೂ ಹೆಸರಿನ ಕೆಳಗೆ ಇದೇ ಅಕ್ಷರದಲ್ಲಿ ಹಾಕುವ ಆಸೆ ಇದೆ. ಆದರೆ ನೋಟ್‌ಬುಕ್‌ನಲ್ಲಿ ಬರೀ ಪದಗಳು, ಅಂಕಿಗಳಿಲ್ಲ. ಈ ವಾರ ಅವ್ವನನ್ನು ಕೂರಿಸಿ, ಅದೇ ಪೆನ್ನಿನಲ್ಲಿ ೦ಯಿಂದ ೯ರವರೆಗೆ ಬರೆಸಿಕೊಳ್ಳಬೇಕು.