ವಿಷ ಸಿನಾಪ್ಸ್‌ನ ಯಾವ ದಡದಲ್ಲಿದೆ? ಹಾವು ಕಚ್ಚಿದವರ ಚಿಕಿತ್ಸೆಯಲ್ಲಿ ನನ್ನ ಅನುಭವ

ಮಂಡ್ಯದ ಕಡೆ ಹಾವು ಕಚ್ಚಿ ರೆಪ್ಪೆ ಜೋತುಬಿದ್ದು ಬರುವವರಲ್ಲಿ ಎರಡು ಬಗೆ. ಕಬ್ಬಿನ ಗದ್ದೆಯಲ್ಲೋ ಹುಲ್ಲಿನ ಮೆದೆ ಹತ್ತಿರವೋ ನಾಗರಹಾವು ಕಚ್ಚಿದ್ದರೆ ಆ ಜಾಗ ಸಾಮಾನ್ಯವಾಗಿ ಊದಿ ನೋಯುತ್ತಿರುತ್ತದೆ. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಟ್ಟುಹಾವು, ಅಂದರೆ ಕ್ರೈಟ್, ಕಚ್ಚಿದ್ದರೆ ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿರುತ್ತಾರೆ. ಅದಕ್ಕೇ ಹೊಟ್ಟೆನೋವಿನ ಜೊತೆ ಕಣ್ಣು ಬಿಡಲಾಗುತ್ತಿಲ್ಲ ಅಂದವರಿಗೆ ನನ್ನ ಮೊದಲ ಪ್ರಶ್ನೆ: "ರಾತ್ರಿ ಎಲ್ಲಿ ಮಲಗಿದ್ರಿ?"

ನರದ ತುದಿಗೂ ಸ್ನಾಯುವಿಗೂ ನಡುವೆ ಸುಮಾರು 50 ನ್ಯಾನೋಮೀಟರ್ ಅಂತರ. ಈ ಸಂಧಿಯೇ ಸಿನಾಪ್ಸ್. ನರತುದಿಯ ಪುಟ್ಟ ಚೀಲಗಳಿಂದ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲೀನ್ ಹೊರಬಂದು ಆಚೆ ದಡದ ಗ್ರಾಹಿಗಳ ಮೇಲೆ ಕೂತರೆ ಸ್ನಾಯು ಬಿಗಿಯುತ್ತದೆ. ಆಮೇಲೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ನಾಗರಹಾವಿನ ವಿಷ ಗ್ರಾಹಿಗಳ ಜಾಗ ಹಿಡಿದು ಕೂರುತ್ತದೆ. ಕಟ್ಟುಹಾವಿನದು ಮುಖ್ಯವಾಗಿ ಈಚೆ ದಡದ ನರತುದಿಯನ್ನೇ ಹಾಳುಮಾಡುತ್ತದೆ. ಮೊದಲನೆಯದರಲ್ಲಿ ಅಸಿಟೈಲ್‌ಕೋಲೀನ್ ಹೆಚ್ಚಿಸಿದರೆ ಅದು ಪೈಪೋಟಿಗೆ ಬಿದ್ದು ಜಾಗ ವಾಪಸು ಪಡೆಯುತ್ತದೆ. ಎರಡನೆಯದರಲ್ಲಿ ಹೆಚ್ಚಿಸೋಣವೆಂದರೆ ಹೊರಗೆ ಬರುತ್ತಿರುವುದೇ ಇಲ್ಲ. (ಈ ಎರಡು ದಡಗಳ ವಿಷವನ್ನು ಬೇರ್ಪಡಿಸಿ ತೋರಿಸಿದ್ದು ತೈವಾನಿನ ಚಾಂಗ್ ಮತ್ತು ಲೀ, 1963ರಲ್ಲಿ, ಅಲ್ಲಿಯ ಕ್ರೈಟ್ ವಿಷದಿಂದ.)

ಆಸ್ಪತ್ರೆಯಲ್ಲಿ ಮೊದಲು ಆ್ಯಂಟಿವೆನಮ್, ಅಂದರೆ ವಿಷವನ್ನು ಹಿಡಿಯುವ ಔಷಧಿ: 10 ವಯಲ್ (ಪುಟ್ಟ ಸೀಸೆ), ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ. ಅಲರ್ಜಿ ಆದರೆ ಹುಡುಕಾಡಬಾರದು, 0.5 ಮಿ.ಗ್ರಾಂ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇಟ್ಟಿರುತ್ತೇನೆ. ಊರಲ್ಲಿ ಬಿಗಿದ ಕಟ್ಟನ್ನು ಆ್ಯಂಟಿವೆನಮ್ ಶುರುವಾಗುವ ಮುಂಚೆ ಬಿಚ್ಚುವುದಿಲ್ಲ. ಥಟ್ಟನೆ ಬಿಚ್ಚಿದರೆ ತಡೆದಿದ್ದ ವಿಷ ಒಮ್ಮೆಲೇ ಹರಿದು ಉಸಿರು ನಿಲ್ಲಬಹುದು.

ಆಮೇಲೆ ನಿಯೋಸ್ಟಿಗ್ಮಿನ್ ಪರೀಕ್ಷೆ. ಅಸಿಟೈಲ್‌ಕೋಲೀನ್ ಒಡೆಯುವ ಆ ಕಿಣ್ವವನ್ನು ತಡೆದು ಅದನ್ನು ಹೆಚ್ಚಿಸುವ ಔಷಧಿ ಇದು. ಮುಂಚೆ ಸ್ಕೇಲ್ ಹಿಡಿದು ರೆಪ್ಪೆಗಳ ನಡುವಿನ ಅಂತರ ಮತ್ತು ಬಾಯಿ ತೆರೆದಾಗ ಮುಂಹಲ್ಲುಗಳ ಅಂತರ ಬರೆದುಕೊಳ್ಳುತ್ತೇನೆ. ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾರೆ ಅನ್ನುವುದನ್ನೂ. ವಯಸ್ಕರಿಗೆ ಅಟ್ರೋಪಿನ್ 0.6 ಮಿ.ಗ್ರಾಂ ರಕ್ತನಾಳಕ್ಕೆ, ನಂತರ ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ ಸ್ನಾಯುವಿಗೆ. ಅಟ್ರೋಪಿನ್ ಬಿಟ್ಟರೆ ಹೃದಯದ ಬಡಿತ ಇಳಿದು, ಜೊಲ್ಲು, ಕಫ ಉಕ್ಕಿ ಇನ್ನೊಂದು ಅಪಾಯ. ಪ್ರತಿ 10 ನಿಮಿಷಕ್ಕೆ ಅಳೆದು ಬರೆಯಬೇಕು. "ಸ್ವಲ್ಪ ಪರವಾಗಿಲ್ಲ" ಅನ್ನುವ ಕಣ್ಣಂದಾಜು ನಂಬಬೇಡಿ, ನಾನು ನಂಬುವುದಿಲ್ಲ. ಒಂದು ಗಂಟೆಯಲ್ಲಿ ಅಂತರ ಹೆಚ್ಚಿದರೆ ಅರ್ಧ ಗಂಟೆಗೊಮ್ಮೆ ನಿಯೋಸ್ಟಿಗ್ಮಿನ್ 0.5 ಮಿ.ಗ್ರಾಂ, ಅಟ್ರೋಪಿನ್ ಜೊತೆಗೆ, ಮುಂದುವರಿಸುತ್ತೇನೆ. ಏನೂ ಬದಲಾಗದಿದ್ದರೆ ನಿಲ್ಲಿಸುತ್ತೇನೆ. ಆಗ ಕಟ್ಟುಹಾವೆಂದೇ ಲೆಕ್ಕ. ಆ್ಯಂಟಿವೆನಮ್ ರಕ್ತದಲ್ಲಿ ಉಳಿದ ವಿಷವನ್ನು ಹಿಡಿಯುತ್ತದೆ, ಹಾಳಾದ ನರತುದಿಯನ್ನು ಕಟ್ಟಿಕೊಡುವುದಿಲ್ಲ. ಅದು ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಷ್ಟು ದಿನ ವೆಂಟಿಲೇಟರ್. ವಯಲ್ ಮೇಲೆ ವಯಲ್ ಸುರಿದು ಫಲವಿಲ್ಲ.

ಎಡವುವುದು ಆಕ್ಸಿಜನ್ ಅಂಕಿಯಲ್ಲಿ. ಅದು ಕೊನೆಯಲ್ಲಿ ಇಳಿಯುತ್ತದೆ. ತಲೆಯನ್ನು ದಿಂಬಿನಿಂದ ಎತ್ತಲಾಗದಿದ್ದರೆ, ಗಂಟಲಲ್ಲಿ ಜೊಲ್ಲು ನಿಂತರೆ, ಎಣಿಕೆ 15 ದಾಟದಿದ್ದರೆ ಉಸಿರಿನ ಟ್ಯೂಬ್ ಹಾಕದೆ ಮೈಸೂರಿಗೆ ಕಳಿಸಬೇಡಿ. 45 ಕಿ.ಮೀ. ದಾರಿಯಲ್ಲಿ ಉಸಿರು ನಿಂತೀತು.

ಇನ್ನೊಂದು ಮಾತು ಒತ್ತಿ ಹೇಳಬೇಕು. ಈ ವಿಷಗಳು ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ದಾಟುವುದಿಲ್ಲ. ಪಾಪೆ ಹಿಗ್ಗಿ, ಕಣ್ಣು ಅಲುಗದೆ, ಕೈಕಾಲು ಬಿದ್ದು ಮಿದುಳು ಸತ್ತಂತೆ ಕಂಡರೂ ಒಳಗೆ ಪೂರ್ತಿ ಎಚ್ಚರವಿರಬಹುದು, ಎಲ್ಲ ಕೇಳಿಸುತ್ತಿರಬಹುದು. "ಕೇಸು ಹೋಯಿತು" ಎಂದು ಮಂಚದ ಪಕ್ಕ ಯಾರೂ ಅನ್ನಕೂಡದು. ಟ್ಯೂಬ್ ಹಾಕುವಾಗ, ಆಮೇಲೂ ನಿದ್ರೆಯ ಔಷಧಿ ಬೇಕು. ಕಣ್ಣಿಗೆ ಡ್ರಾಪ್ಸ್ ಹಾಕಿ ರೆಪ್ಪೆ ಮುಚ್ಚಿ ಟೇಪ್ ಹಚ್ಚಬೇಕು. ಪ್ರತಿ ಪಾಳಿಯ ಸಿಸ್ಟರ್ ಹೆಸರು ಹಿಡಿದು, "ಅಣ್ಣಾ, ವಿಷ ಇಳೀತಾ ಇದೆ, ನೀವು ಎದ್ದೇಳ್ತೀರಿ, ಬೆರಳಾಡುತ್ತಾ ನೋಡಿ" ಎಂದು ಹೇಳುವಂತೆ ಕೇಸ್ ಶೀಟಿನಲ್ಲೇ ಬರೆದಿಡುತ್ತೇನೆ.