ಬಾಡಿಗೆ ದೋಣಿಗೆ ಒಯ್ಯುವ ಫಿಶ್‌ಫೈಂಡರ್ ಆರಿಸುವ ಬಗೆ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ 11,842 ಇವೆ. ಕೆಲಸದ ನಿಮಿತ್ತ ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೇಸಿಗೆಯ ರಜೆಯಲ್ಲಿ ಗಾಳ ಹಾಕುವ ಹವ್ಯಾಸ ಹಿಡಿದವರಿಗೆ ಸ್ವಂತ ದೋಣಿಯ ಅಗತ್ಯವಿಲ್ಲ, ಏಕೆಂದರೆ ದಡದ ರೆಸಾರ್ಟ್‌ಗಳಲ್ಲಿ 14ರಿಂದ 16 ಅಡಿ ಉದ್ದದ, ಹಿಂಬದಿಯಲ್ಲಿ ಔಟ್‌ಬೋರ್ಡ್ ಮೋಟರ್ ಇರುವ ಅಲ್ಯೂಮಿನಿಯಂ ದೋಣಿಗಳು ದಿನದ ಬಾಡಿಗೆಗೆ ಸಿಗುತ್ತವೆ. ಅಂಥ ದೋಣಿಯಲ್ಲಿ ಫಿಶ್‌ಫೈಂಡರ್, ಅಂದರೆ ನೀರಿನ ಆಳವನ್ನೂ ಮೀನಿರುವ ಜಾಗವನ್ನೂ ಶಬ್ದದ ಪ್ರತಿಧ್ವನಿಯಿಂದ ಪರದೆಯಲ್ಲಿ ತೋರಿಸುವ ಉಪಕರಣ, ಇದ್ದೇ ಇರುತ್ತದೆಂದು ನಂಬುವಂತಿಲ್ಲ. ನೀರಿನ ಆಳವೂ ತಿಳಿಯದೆ ಅಪರಿಚಿತ ಸರೋವರದಲ್ಲಿ ಅರ್ಧ ದಿನ ಅಲೆಯುವುದಕ್ಕಿಂತ ಒಂದು ಸಣ್ಣ ಉಪಕರಣವನ್ನು ಜೊತೆಯಲ್ಲಿ ಒಯ್ಯುವುದು ಮೇಲು.

ಕೊಳ್ಳಲು ಹೊರಟವರು ಮೊದಲು ಹೋಲಿಸುವುದು ಪರದೆಗಳನ್ನು. ಬಾಡಿಗೆ ದೋಣಿಯ ಮಟ್ಟಿಗೆ ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮದಲ್ಲದ, ಹೋಗಿ ನಿಲ್ಲುವವರೆಗೆ ಆಕಾರವೂ ಗೊತ್ತಿರದ ದೋಣಿಗೆ, ಒಂದು ತೂತನ್ನೂ ಕೊರೆಯದೆ, ಉಪಕರಣದ ನೀರಿಗಿಳಿಯುವ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ಅಲುಗಾಡದಂತೆ ಹೇಗೆ ಕೂರಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಬ್ಯಾಟರಿ ಅದರ ನಂತರ, ಪರದೆ ಕೊನೆಗೆ. ಟ್ರಾನ್ಸ್‌ಡ್ಯೂಸರ್ ನೀರಿನೊಳಕ್ಕೆ ಶಬ್ದದ ಮಿಡಿತಗಳನ್ನು ಕಳುಹಿಸಿ, ಸೆಕೆಂಡಿಗೆ ಸುಮಾರು 1,480 ಮೀಟರ್ ವೇಗದಲ್ಲಿ ಸಾಗಿ ಮರಳುವ ಪ್ರತಿಧ್ವನಿಯ ಸಮಯದಿಂದ ಆಳವನ್ನು ಅಳೆಯುತ್ತದೆ. ಅದರ ಮುಖದ ಮೇಲೆ ಗಾಳಿಗುಳ್ಳೆಗಳು ಹರಿದರೆ ಅಥವಾ ಅದು ಓರೆಯಾಗಿ ನಿಂತರೆ, ಎಷ್ಟು ಬೆಲೆಯ ಪರದೆಯಾದರೂ ತೋರಿಸುವುದು ಬರೀ ಗೊಂದಲವನ್ನೇ.

ಒಯ್ಯುವ ಕಿಟ್‌ಗಳಲ್ಲಿ ಹೆಚ್ಚಾಗಿ ಸಕ್ಷನ್ ಕಪ್ ಇರುತ್ತದೆ. ನುಣುಪಾದ, ಸ್ವಚ್ಛವಾದ ಫೈಬರ್‌ಗ್ಲಾಸ್ ಮೇಲೆ ಅದು ಚೆನ್ನಾಗಿಯೇ ಕಚ್ಚುತ್ತದೆ. ಆದರೆ ರಿವೆಟ್‌ಗಳ ಸಾಲು, ಸುಲಿದ ಬಣ್ಣ, ಒಣಗಿದ ಪಾಚಿ ಇರುವ ಹಳೆಯ ಅಲ್ಯೂಮಿನಿಯಂ ದೋಣಿಯಲ್ಲಿ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಆದ್ದರಿಂದ ತಿರುಪಿನಿಂದ ಬಿಗಿಯುವ ಕ್ಲಾಂಪ್ ಮತ್ತು ಅದಕ್ಕೆ ಜೋಡಿಸಿದ, ಮೇಲೆ ಕೆಳಗೆ ಸರಿಸಬಹುದಾದ ಲೋಹದ ಕೋಲು ಇರುವ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ. ಮೋಟರ್ ತೂಗುವ ಹಿಂಬದಿಯ ಹಲಗೆಯ ಎತ್ತರ ಸಾಮಾನ್ಯವಾಗಿ 15 ಅಥವಾ 20 ಅಂಗುಲವಿರುವುದರಿಂದ ಕೋಲು ಕನಿಷ್ಠ ಎರಡು ಅಡಿ ಇರಬೇಕು, ಕ್ಲಾಂಪಿನ ಬಾಯಿ ಎರಡೂವರೆ ಅಂಗುಲವಾದರೂ ತೆರೆಯಬೇಕು. ಎರಡು ಮರದ ಚೂರುಗಳನ್ನೋ ರಬ್ಬರ್ ತುಂಡುಗಳನ್ನೋ ಜೊತೆಗಿಟ್ಟುಕೊಂಡು ಕ್ಲಾಂಪಿನ ಹಲ್ಲುಗಳಿಗೆ ಅಡ್ಡ ಕೊಟ್ಟರೆ ದೋಣಿಗೆ ಗಾಯವಾಗುವುದಿಲ್ಲ, ಮಾಲೀಕರಿಗೂ ಬೇಸರವಾಗುವುದಿಲ್ಲ. ಕಟ್ಟುವ ಮೊದಲು ಅವರನ್ನು ಕೇಳುವುದಂತೂ ಮರ್ಯಾದೆಯ ಮಾತು.

ಕೂರಿಸುವಾಗ ಟ್ರಾನ್ಸ್‌ಡ್ಯೂಸರಿನ ಮುಖ ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ದೋಣಿಯ ತಳಕ್ಕಿಂತ ತುಸು ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ಪ್ರೊಪೆಲ್ಲರಿನಿಂದ ಅದು ಕನಿಷ್ಠ 15 ಅಂಗುಲ ದೂರದಲ್ಲಿರಲಿ. ರಿವೆಟ್ ಸಾಲಿನ ಅಥವಾ ತಳದ ಏಣುಗಳ ನೇರ ಹಿಂದೆ ಬೇಡ, ಏಕೆಂದರೆ ಗುಳ್ಳೆಗಳು ಹುಟ್ಟುವುದೇ ಅಲ್ಲಿ. ಕೋಲಿಗೆ ಒಂದು ಗಟ್ಟಿ ದಾರವನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ದೋಣಿಯ ಕೊಂಡಿಗೆ ಕಟ್ಟಿದರೆ ಕ್ಲಾಂಪ್ ಸಡಿಲಾದರೂ ಉಪಕರಣ ತಳ ಸೇರುವುದಿಲ್ಲ. ಜಾಗ ಬದಲಿಸಲು ವೇಗವಾಗಿ ಹೋಗುವಾಗ ಮತ್ತು ದಡ ಹತ್ತಿರವಾದಾಗ ಕೋಲನ್ನು ಮೇಲೆತ್ತಿಬಿಡಿ.

ಇಷ್ಟೆಲ್ಲ ಕಟ್ಟುವ ಗೋಜೇ ಬೇಡವೆನ್ನುವವರಿಗೆ ನೀರಿಗೆ ಎಸೆಯುವ ಚೆಂಡಿನಂಥ ಸೋನಾರ್‌ಗಳು, ಅಂದರೆ ಪ್ರತಿಧ್ವನಿಯಿಂದ ಅಳೆಯುವ ಸಾಧನಗಳು, ಇವೆ. ಡೀಪರ್ ಮತ್ತು ಗಾರ್ಮಿನ್ ಸ್ಟ್ರೈಕರ್ ಕಾಸ್ಟ್ ಈ ಬಗೆಯವು. ಅವು ತಂತಿಯಿಲ್ಲದೆ ಫೋನಿಗೆ ಚಿತ್ರ ಕಳುಹಿಸುತ್ತವೆ. ರೇಡಿಯೋ ತರಂಗಗಳು ನೀರಿನೊಳಗೆ ಹೆಚ್ಚು ದೂರ ಸಾಗಲಾರವಾದ್ದರಿಂದ ಚೆಂಡು ತೇಲುತ್ತಲೇ ಇರಬೇಕಾಗುತ್ತದೆ, ಅದರ ಬಲಹೀನತೆಯೂ ಅಲ್ಲಿಯೇ ಇದೆ. ಸಣ್ಣ ಕೊಳದಲ್ಲಿ, ಕಟ್ಟೆಯ ಮೇಲೆ ಕುಳಿತವರಿಗೆ ಅದು ಒಳ್ಳೆಯ ಸಂಗಾತಿ. ಮಿಲ್ ಲ್ಯಾಕ್ಸ್‌ನಂಥ ಬಯಲು ಸರೋವರದಲ್ಲಿ ಗಾಳಿ ಎದ್ದರೆ ಚೆಂಡು ಅಲೆಯೊಂದಿಗೆ ಏರಿಳಿಯುತ್ತದೆ, ಸಮತಟ್ಟಾದ ತಳವೂ ಪರದೆಯಲ್ಲಿ ಗರಗಸದ ಹಲ್ಲಿನಂತೆ ಕಾಣುತ್ತದೆ. ಜೊತೆಗೆ ಬಿಸಿಲಿನಲ್ಲಿ ಫೋನಿನ ಪರದೆ ಮಂಕಾಗುತ್ತದೆ, ಅದರ ಚಾರ್ಜ್ ಬೇಗ ಇಳಿಯುತ್ತದೆ. ತುರ್ತಿಗೆ ಬೇಕಾಗುವ ಫೋನನ್ನು ಹೀಗೆ ಬರಿದು ಮಾಡುವುದು ನನಗೆ ಸರಿಕಾಣುವುದಿಲ್ಲ. ದೋಣಿಯಲ್ಲಿ ಕುಳಿತು ದಿನವಿಡೀ ಹಿಡಿಯುವವರು ತಂತಿಯ ಟ್ರಾನ್ಸ್‌ಡ್ಯೂಸರ್ ಮತ್ತು ಪ್ರತ್ಯೇಕ ಪರದೆ ಇರುವುದನ್ನೇ ಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ಲೆಕ್ಕ ಸರಳವಾಗಿದೆ. ಉಪಕರಣದ ವಿವರಪಟ್ಟಿಯಲ್ಲಿ ಅದು ಎಳೆಯುವ ಆಂಪಿಯರ್ ಬರೆದಿರುತ್ತದೆ. ಅರ್ಧ ಆಂಪಿಯರ್ ಎಳೆಯುವ ಪರದೆಗೆ ಹತ್ತು ಗಂಟೆಗೆ 5 ಆಂಪಿಯರ್-ಗಂಟೆ ಬೇಕು. ಸೀಸ-ಆಮ್ಲದ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಅದು ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ ಏಳು ಗಂಟೆಗೆ ಮುಗಿಯಿತು. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ತೂಕ ಅದರ ಅರ್ಧಕ್ಕಿಂತ ಕಡಿಮೆ, ಮತ್ತು ಬಹುಪಾಲು ಶಕ್ತಿಯನ್ನು ಬಳಸಿಕೊಳ್ಳಬಹುದು. ಬೆಲೆ ಹೆಚ್ಚಾದರೂ ನಾನು ಇದನ್ನೇ ಸೂಚಿಸುತ್ತೇನೆ. ವಿಮಾನದಲ್ಲಿ ಬರುವವರು ಒಂದನ್ನು ಗಮನಿಸಬೇಕು: ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು, 100 ವ್ಯಾಟ್-ಗಂಟೆ ಮೀರಿದರೆ ವಿಮಾನ ಕಂಪನಿಯ ಒಪ್ಪಿಗೆ ಪಡೆಯಬೇಕು, 160 ಮೀರಿದ್ದನ್ನು ಒಯ್ಯುವಂತೆಯೇ ಇಲ್ಲ. 12.8 ವೋಲ್ಟ್, 7 ಆಂಪಿಯರ್-ಗಂಟೆಯದು ಸುಮಾರು 90 ವ್ಯಾಟ್-ಗಂಟೆಯಾಗುವುದರಿಂದ ತೊಂದರೆಯಿಲ್ಲ. ಕೆಂಪು ತಂತಿಯಲ್ಲಿ ತಯಾರಕರು ಹೇಳಿದ ಫ್ಯೂಸ್ ಇರಲೇಬೇಕು. ದೋಣಿಯಲ್ಲಿ ನಿಧಾನವಾಗಿ ಸಾಗಲು ಬಳಸುವ ವಿದ್ಯುತ್ ಟ್ರೋಲಿಂಗ್ ಮೋಟರ್ ಇದ್ದರೆ ಅದರ ಬ್ಯಾಟರಿಗೆ ಜೋಡಿಸಬೇಡಿ, ಪರದೆಯ ತುಂಬ ಗೆರೆಗಳ ಗದ್ದಲವೇಳುತ್ತದೆ.

ಪರದೆ ನಾಲ್ಕರಿಂದ ಐದು ಅಂಗುಲವಿದ್ದರೆ ಸಾಕು. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಅಂಗಡಿಯಲ್ಲಿ ಅದನ್ನು ಹಾಕಿಕೊಂಡೇ ಪರದೆ ನೋಡಬೇಕು, ಕೆಲವು ಪರದೆಗಳು ಕೆಲವು ಕೋನಗಳಲ್ಲಿ ಪೂರ್ತಿ ಕಪ್ಪಾಗುತ್ತವೆ. ಮಿಲ್ ಲ್ಯಾಕ್ಸ್‌ನ ಅತಿ ಹೆಚ್ಚಿನ ಆಳವೇ ಸುಮಾರು 42 ಅಡಿ, ಮಿನೆಟೊಂಕಾದ್ದು 113 ಅಡಿ. ಇಂಥ ನೀರಿಗೆ ಆಳಸಮುದ್ರದ 50 ಕಿಲೋಹರ್ಟ್ಸ್ ಆವರ್ತನದ ಶಬ್ದ ಬೇಕಿಲ್ಲ, 200ರ ಆಸುಪಾಸಿನ ಚಿರ್ಪ್ (ಒಂದೇ ಆವರ್ತನದ ಬದಲು ಹಲವು ಆವರ್ತನಗಳ ಮಿಡಿತ ಕಳುಹಿಸುವ) ಸೋನಾರ್ ಸಾಕು. 20 ಡಿಗ್ರಿಯ ಶಬ್ದಶಂಕು 30 ಅಡಿ ಆಳದಲ್ಲಿ ಸುಮಾರು ಹತ್ತು ಅಡಿ ಅಗಲವನ್ನು ಮಾತ್ರ ನೋಡುತ್ತದೆ. 60 ಡಿಗ್ರಿಯದು 35 ಅಡಿ ನೋಡುತ್ತದಾದರೂ ಮೀನು ದೋಣಿಯ ಕೆಳಗಿದೆಯೋ ಬದಿಗಿದೆಯೋ ಎಂಬುದು ತಿಳಿಯದು. ಪಕ್ಕಗಳನ್ನು ತೋರಿಸುವ ಸೈಡ್ ಇಮೇಜಿಂಗಿಗೆ ಇಲ್ಲಿ ಹಣ ಸುರಿಯಬೇಡಿ, ಕೋಲು ಸ್ವಲ್ಪ ಓರೆಯಾದರೂ ಅದರ ಚಿತ್ರ ಕೆಡುತ್ತದೆ. ಜಿಪಿಎಸ್ ಮಾತ್ರ ಇರಲಿ. ಮಿನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಲೇಕ್‌ಫೈಂಡರ್ ಎಂಬ ತಾಣದಲ್ಲಿ ಅನೇಕ ಸರೋವರಗಳ ಆಳದ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ತಳ ಥಟ್ಟನೆ ಇಳಿಯುವ ಅಂಚುಗಳನ್ನು ಅದರಲ್ಲಿ ಮೊದಲೇ ಗುರುತಿಸಿಕೊಂಡು, ನೀರಿಗಿಳಿದ ಮೇಲೆ ಆ ಜಾಗಗಳನ್ನು ಉಪಕರಣದಲ್ಲಿ ಉಳಿಸಿಕೊಂಡರೆ ಮುಂದಿನ ಸಲ ಬೇರೆ ದೋಣಿಯಲ್ಲಿ ಬಂದರೂ ನೇರ ಅಲ್ಲಿಗೇ ಹೋಗಬಹುದು.

ಮೀನಿನ ಚಿಹ್ನೆ ತೋರಿಸುವ ಸೌಲಭ್ಯವನ್ನು ಕಂಡು ಮರುಳಾಗುವುದು ಬೇಡ. ಮೀನಿನ ಗಾಳಿಚೀಲದಿಂದ ಬರುವ ಪ್ರತಿಧ್ವನಿಯನ್ನೂ ಮುಳುಗಿದ ಕೊಂಬೆಯ ಅಥವಾ ಗುಳ್ಳೆಯ ಪ್ರತಿಧ್ವನಿಯನ್ನೂ ಯಂತ್ರ ಹಲವೊಮ್ಮೆ ಒಂದೇ ಎಂದು ಎಣಿಸುತ್ತದೆ. ಆ ಸೌಲಭ್ಯವನ್ನು ಬಂದ್ ಮಾಡಿ, ಮೀನುಗಳು ಮೂಡಿಸುವ ಕಮಾನಿನಾಕಾರದ ಗುರುತುಗಳನ್ನೂ ತಳದ ಗೆರೆಯ ದಪ್ಪವನ್ನೂ ಓದಲು ಕಲಿಯಿರಿ.

ದೋಣಿ ಹಿಂದಿರುಗಿಸಿದ ಮೇಲೆ ಟ್ರಾನ್ಸ್‌ಡ್ಯೂಸರ್, ಕೋಲು, ದಾರ ಮೂರರಿಂದಲೂ ಜೊಂಡಿನ ಎಳೆಗಳನ್ನು ಕಿತ್ತು, ಒರೆಸಿ ಒಣಗಿಸಿ. ಮಿಲ್ ಲ್ಯಾಕ್ಸ್ ಸೇರಿದಂತೆ ಅಲ್ಲಿನ ಹಲವು ಸರೋವರಗಳಲ್ಲಿ ಜೀಬ್ರಾ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಹಬ್ಬಿದೆ. ಕಣ್ಣಿಗೆ ಕಾಣದ ಅದರ ಮರಿಗಳು ಒಂದು ಹನಿ ನೀರಿನಲ್ಲಿಯೂ ಪ್ರಯಾಣಿಸಬಲ್ಲವು. ಬೇರೆ ಸರೋವರಕ್ಕೆ ಹೋಗುವ ಮೊದಲು ಸಾಮಾನುಗಳನ್ನು ಐದು ದಿನ ಒಣಗಲು ಬಿಡಬೇಕು.