ಬೀಡಿ ಬ್ರಾಂಚಿನ ಎದುರು ಲಾಡಿಹುಳು ತಪಾಸಣೆ: ನನ್ನ ಅನುಭವ

"ಲಾಡಿಹುಳು ಹುಡುಕುವುದಾದರೆ ಹಂದಿ ಮಾಂಸ ತಿನ್ನುವವರನ್ನು ಮಾತ್ರ ನೋಡಿ, ಸಾಕು" ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳಿದ್ದರು. ನಾನು ಒಪ್ಪಲಿಲ್ಲ. ಮಿದುಳಿಗೆ ಹೋಗಿ ಗಂಟು ಕಟ್ಟಿ ಫಿಟ್ಸ್ ತರುವುದು, ಹೊಟ್ಟೆಗೆ ಸೇರಿದ ಮೊಟ್ಟೆಯಿಂದ ಹೊರಬಂದ ಮರಿಹುಳು. ಆ ಮೊಟ್ಟೆ ಬರುವುದು ಹುಳು ಇರುವ ಮನುಷ್ಯರ ಮಲದಿಂದ. ಮಾಂಸ ಮುಟ್ಟದ ಮನೆಯನ್ನು ಬಿಡುವುದು ಯಾಕೆ?

ಮೊದಲು ಮಲ ಪರೀಕ್ಷೆ ಮಾಡಿದೆವು. ಕಾರ್ಕಳ, ಹೆಬ್ರಿ ಕಡೆ ನೂರಾರು ಡಬ್ಬಿ ಹಂಚಿದರೆ ಅರ್ಧಕ್ಕರ್ಧ ವಾಪಸ್ ಬರಲಿಲ್ಲ. ಹುಳುವೂ ದಿನಾ ಮೊಟ್ಟೆ ಬಿಡುವುದಿಲ್ಲ, ಅಲ್ವಾ? ಡಬ್ಬಿ, ಜೀಪು ಬಾಡಿಗೆ, ಲ್ಯಾಬ್ ಹುಡುಗನ ಸಂಬಳ ಅಂತ 30,000 ರೂಪಾಯಿಯಷ್ಟು ಕರಗಿತು.

ಆಮೇಲೆ ಮನೆ ಮನೆಗೆ ಹೋಗಿ ಫಿಟ್ಸ್ ಬಗ್ಗೆ ಕೇಳಿದೆವು. "ಇಲ್ಲ ಮಾರಾಯ್ರೆ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ." ಮದುವೆಗೆ ಬಂದ ಹುಡುಗಿ ಇರುವ ಮನೆಯಲ್ಲಿ ಬೇರೆ ಏನು ಹೇಳಿಯಾರು?

ಕೊನೆಗೆ ಕೈಹಿಡಿದದ್ದು ಬೀಡಿ ಕಟ್ಟುವ ಹೆಂಗಸರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟಿದ ಬೀಡಿ ಕೊಟ್ಟು ಹೊರಗೆ ಬಂದವರನ್ನು ಆಶಾ ಕಾರ್ಯಕರ್ತೆ ಅಕ್ಕ ಪಕ್ಕಕ್ಕೆ ಕೂರಿಸಿ ತುಳುವಿನಲ್ಲಿ ಮಾತಾಡಿಸುತ್ತಿದ್ದರು. ರೋಗದ ಹೆಸರೇ ಎತ್ತುವುದಿಲ್ಲ. ಒಂದೇ ಕೈ ಅದುರಿತಾ? ಎದ್ದಾಗ ನಾಲಿಗೆ ಕಚ್ಚಿಕೊಂಡ ಗಾಯ ಇತ್ತಾ? ಇಪ್ಪತ್ತು ದಾಟಿದ ಮೇಲೆ ಮೊದಲ ಸಲ ಬಿದ್ದದ್ದಾ? ಇನ್ನೆರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಊರಿಗೆ ಗೊತ್ತಾದರೆ ಉತ್ತರ ಮೊದಲೇ ತಯಾರಾಗಿರುತ್ತದೆ.

ಸುಮಾರು 2,000 ಜನರ ಲೆಕ್ಕ ಸಿಕ್ಕಿತು. ಉತ್ತರ ಕೇಳಿ ಅನುಮಾನ ಬಂದ ಹದಿನೈದಿಪ್ಪತ್ತು ಮಂದಿಗೆ ತಲೆಯ ಸಿಟಿ ಸ್ಕ್ಯಾನ್. ಒಟ್ಟಿಗೆ ಕರೆತರುತ್ತೇವೆ ಅಂದದ್ದಕ್ಕೆ ಸ್ಕ್ಯಾನಿನವರು ಒಬ್ಬರಿಗೆ 1,500 ರೂಪಾಯಿಯ ಆಸುಪಾಸಿಗೆ ಇಳಿಸಿದರು. ನಾಲ್ಕೈದು ಮಂದಿಯ ಮಿದುಳಲ್ಲಿ ಹುಳುವಿನ ಗುರುತು ಇತ್ತು. ಒಬ್ಬರು ಕೋಳಿಮೊಟ್ಟೆಯನ್ನೂ ತಿನ್ನದವರು! ನನ್ನ ಮಾತು ನಿಜವಾಯಿತು.

ಊರಿಗೆಲ್ಲ ಹುಳುವಿನ ಮಾತ್ರೆ ಹಂಚಿ ಎಂದವರೂ ಇದ್ದರು. ಸುಮ್ನೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಮಾತ್ರೆ ಕೊಡಬೇಡಿ. ಮಿದುಳಲ್ಲಿ ಜೀವಂತ ಗಂಟಿದ್ದರೆ ಅದೇ ಫಿಟ್ಸ್ ಎಬ್ಬಿಸಬಹುದು. ಕರುಳಲ್ಲಿ ಹುಳು ಇರುವ ದೊಡ್ಡವರಿಗೆ ನಾವು ಕೊಟ್ಟದ್ದು ನಿಕ್ಲೋಸಮೈಡ್ 2 ಗ್ರಾಂ, ಒಂದೇ ಸಲ. ಅದು ಕರುಳಿನಲ್ಲೇ ಕೆಲಸ ಮುಗಿಸುತ್ತದೆ. ಮಿದುಳಿನ ಗಂಟು ಪೂರ್ತಿ ಸುಣ್ಣಗಟ್ಟಿದ್ದರೆ ಹುಳು ಕೊಲ್ಲುವ ಆಲ್ಬೆಂಡಜೋಲ್ ಕೂಡ ಬೇಡ, ಫಿಟ್ಸ್ ಮಾತ್ರೆ ಮಾತ್ರ.

ನಡುವೆ, ಮೊಟ್ಟೆ ಸೊಪ್ಪಿನ ಮೂಲಕವೂ ಬರುತ್ತದಾ ಅಂತ, ಸಂತೆಯ ಕೊತ್ತಂಬರಿ ಸೊಪ್ಪು ತೊಳೆದ ನೀರನ್ನೂ ಸೆಂಟ್ರಿಫ್ಯೂಜಿಗೆ (ರಭಸದಿಂದ ತಿರುಗಿಸಿ ತಳಕ್ಕೆ ಕೂರಿಸುವ ಯಂತ್ರ) ಹಾಕಿ ನೋಡಿದೆ. ಜಂತುಹುಳುವಿನ ಮೊಟ್ಟೆ ಕಂಡಿತು, ಲಾಡಿಹುಳುವಿನದು ಇಲ್ಲ. ಮಳೆಗಾಲದ ಸೊಪ್ಪಿನಲ್ಲಿ ಮತ್ತೊಮ್ಮೆ ನೋಡುವ ಆಸೆ ಇದೆ.

ಈಗ ಬೈಂದೂರು ಕಡೆ ಶುರು ಮಾಡಿದ್ದೇವೆ. ಅಲ್ಲಿ ತುಳು ನಡೆಯುವುದಿಲ್ಲ, ಕುಂದಗನ್ನಡವೇ ಬೇಕು. ಅಲ್ಲಿನ ಆಶಾಗಳ ಜೊತೆ ಕೂತು ಪ್ರಶ್ನೆಗಳನ್ನು ಹೊಸದಾಗಿ ಕಟ್ಟುತ್ತಿದ್ದೇವೆ.